ಆಟ ನಿಂತ ಆ ಮೂರು ದಿನ: ಎನ್‌ಬಿಎ ಬಬಲ್, ಕೊರೊನಾ ಮತ್ತು ಒಂದು ಮುಷ್ಕರ

ಈ ಸಲದ ಮಾತು ಬಾಸ್ಕೆಟ್‌ಬಾಲ್ ಬಗ್ಗೆ. ಕೊನೆಗೆ ಕ್ರಿಕೆಟ್‌ಗೆ ಬಂದೇ ಬರ್ತೀನಿ, ಗಾಬರಿ ಬೇಡ. ಬಾಸ್ಕೆಟ್‌ಬಾಲ್ ನಿಯಮಗಳು ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಯಾಕಂದ್ರೆ ಇದು ಆಡದೇ ಉಳಿದ ಪಂದ್ಯದ ಕಥೆ.

2020ರ ಆಗಸ್ಟ್ 26. ಅಮೆರಿಕದ ಫ್ಲಾರಿಡಾದಲ್ಲಿ ಸಂಜೆ ನಾಲ್ಕು ಗಂಟೆ, ನಮ್ಮಲ್ಲಿ ನಡುರಾತ್ರಿ ಒಂದೂವರೆ. ಎನ್‌ಬಿಎ ಪ್ಲೇಆಫ್‌ನ ಪಂದ್ಯ, ಮಿಲ್ವಾಕೀ ಬಕ್ಸ್ ಮತ್ತು ಆರ್ಲ್ಯಾಂಡೊ ಮ್ಯಾಜಿಕ್ ನಡುವೆ. ಮ್ಯಾಜಿಕ್ ತಂಡದವರು ಅಂಗಳಕ್ಕೆ ಬಂದು ವಾರ್ಮ್ ಅಪ್ ಮಾಡ್ತಿದ್ದಾರೆ. ರೆಫರಿಗಳು ಬಂದಿದ್ದಾರೆ, ಕ್ಯಾಮೆರಾಗಳು ಆನ್ ಆಗಿವೆ. ಬಕ್ಸ್ ತಂಡದವರು ಮಾತ್ರ ಡ್ರೆಸ್ಸಿಂಗ್ ರೂಮಿನಿಂದ ಹೊರಗೆ ಬರಲೇ ಇಲ್ಲ. ಕೊನೆಗೆ ಮ್ಯಾಜಿಕ್‌ನವರೂ ಒಳಗೆ ಹೋದರು. ಎದುರಾಳಿ ಬರಲಿಲ್ಲ ಅಂತ ಗೆಲುವು ತಗೊಳ್ಳೋದಕ್ಕೆ ಅವರು ಒಪ್ಪಲಿಲ್ಲ. ಕೆಲವೇ ಗಂಟೆಗಳಲ್ಲಿ ಆ ದಿನದ ಉಳಿದೆರಡು ಪಂದ್ಯಗಳೂ ನಿಂತವು. ಮಹಿಳೆಯರ ಲೀಗ್ ನಿಂತಿತು, ಫುಟ್ಬಾಲ್‌ನ ಐದು ಪಂದ್ಯ, ಬೇಸ್‌ಬಾಲ್‌ನ ಮೂರು ಪಂದ್ಯ ನಿಂತವು. ಟೆನಿಸ್‌ನಲ್ಲಿ ನವೊಮಿ ಒಸಾಕ ತಾನು ಸೆಮಿಫೈನಲ್ ಆಡೋದಿಲ್ಲ ಅಂದಳು.

ಒಂದು ತಂಡದ ಹದಿನೈದು-ಹದಿನಾರು ಜನ ಬಾಗಿಲು ಹಾಕಿಕೊಂಡು ಕೂತಿದ್ದಕ್ಕೆ ಕೋಟ್ಯಂತರ ಡಾಲರ್‌ಗಳ ವ್ಯವಹಾರ ಹೀಗೆ ನಿಂತುಹೋಗಿದ್ದು ಹೇಗೆ? ಆ ಆಟಗಾರರ ಧೈರ್ಯ ದೊಡ್ಡದು, ಒಪ್ಪಿಕೊಳ್ಳೋಣ. ಆದರೆ ಧೈರ್ಯ ಇದ್ದವರು ಹಿಂದೆಯೂ ಇದ್ದರು. ಈ ಸಲ ಬೇರೆಯಾಗಿದ್ದು ಏನು ಅನ್ನೋದಕ್ಕೆ ಕೊರೊನಾದಿಂದಲೇ ಶುರು ಮಾಡಬೇಕು.

ಮಾರ್ಚ್ 11

ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಅಂತ ಘೋಷಿಸಿದ್ದು 2020ರ ಮಾರ್ಚ್ 11ರಂದು. ಅವತ್ತೇ ರಾತ್ರಿ ಒಕ್ಲಹೋಮಾ ಸಿಟಿಯಲ್ಲಿ ಯೂಟಾ ಜಾಝ್ ತಂಡದ ಪಂದ್ಯ ಶುರುವಾಗೋ ಹೊತ್ತಿಗೆ, ಆ ತಂಡದ ರೂಡಿ ಗೋಬೇರ್‌ಗೆ ಪಾಸಿಟಿವ್ ಅಂತ ಗೊತ್ತಾಯ್ತು. ಎರಡು ದಿನ ಮುಂಚೆ ಇದೇ ಮನುಷ್ಯ ಪತ್ರಿಕಾಗೋಷ್ಠಿ ಮುಗಿಸಿ ಏಳುವಾಗ, ತಮಾಷೆಗೆ ಅಂತ ಮೇಜಿನ ಮೇಲಿದ್ದ ಮೈಕುಗಳನ್ನೆಲ್ಲ ಬೇಕಂತಲೇ ಮುಟ್ಟಿ ಹೋಗಿದ್ದ. ಪ್ರೇಕ್ಷಕರನ್ನು ಮನೆಗೆ ಕಳಿಸಿದರು. ಅದೇ ರಾತ್ರಿ ಇಡೀ ಲೀಗ್ ಬಂದ್. ಅಮೆರಿಕದ ಎಷ್ಟೋ ಜನರಿಗೆ ಕೊರೊನಾ ನಿಜ ಅಂತ ಮನವರಿಕೆ ಆಗಿದ್ದು ಸರ್ಕಾರ ಹೇಳಿದ್ದಕ್ಕಲ್ಲ, ಈ ಪಂದ್ಯ ನಿಂತಿದ್ದಕ್ಕೆ.

ದುಡ್ಡಿನ ಲೆಕ್ಕ ಸ್ವಲ್ಪ ನೋಡಿ. ಲೀಗಿನ ಆದಾಯದಲ್ಲಿ ಸುಮಾರು ಶೇ 40ರಷ್ಟು ಜನ ಕ್ರೀಡಾಂಗಣಕ್ಕೆ ಬರೋದರಿಂದಲೇ ಬರುತ್ತೆ ಅಂತ ಕಮಿಷನರ್ ಆಡಮ್ ಸಿಲ್ವರ್ ಆಟಗಾರರಿಗೆ ಹೇಳಿದ್ದರು: ಟಿಕೆಟ್, ಪಾರ್ಕಿಂಗ್, ಬಿಯರ್, ಜರ್ಸಿ. ಅದು ಹೋಯ್ತು. ಉಳಿದಿದ್ದು ಟಿವಿ ಹಕ್ಕಿನ ಹಣ. ಪಂದ್ಯ ನಡೆದರೆ ಮಾತ್ರ ಅದು ಸಿಗೋದು. ಮೇ 15ರಿಂದ ಆಟಗಾರರ ಸಂಬಳದಲ್ಲಿ ಶೇ 25 ಕಡಿತ ಶುರುವಾಯ್ತು. ಕ್ರೀಡಾಂಗಣದ ಟಿಕೆಟ್ ಹರಿಯೋರು, ಪಾಪ್‌ಕಾರ್ನ್ ಮಾರೋರು, ನೆಲ ಒರೆಸೋರು, ಇವರಿಗೆಲ್ಲ ದಿನಗೂಲಿ. ಪಂದ್ಯ ಇಲ್ಲ ಅಂದ್ರೆ ಕೂಲಿ ಇಲ್ಲ. ಬಕ್ಸ್ ತಂಡದ ಯಾನಿಸ್ ಸೇರಿದಂತೆ ಕೆಲವು ಆಟಗಾರರು ತಮ್ಮ ತಮ್ಮ ಊರಿನ ಕ್ರೀಡಾಂಗಣ ಸಿಬ್ಬಂದಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟರು. ಕೆಲವು ತಂಡಗಳ ಮಾಲೀಕರಿಗಿಂತ ಮೊದಲು ಆಟಗಾರರ ಕೈ ಜೇಬಿಗೆ ಹೋಯ್ತು ಅನ್ನೋದನ್ನ ಆಗ ಬಹಳ ಜನ ಗಮನಿಸಿದರು.

ಒಂದೇ ಕ್ಯಾಂಪಸ್ಸಿನಲ್ಲಿ 22 ತಂಡ

ಪರಿಹಾರ ಅಂತ ಲೀಗ್ ಮಾಡಿದ್ದೇ ಬಬಲ್. ಆರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ನಲ್ಲಿ ಮೂರು ಹೋಟೆಲು, ಮೂರು ಅಂಗಳ. 30 ತಂಡಗಳಲ್ಲಿ 22 ಅಲ್ಲಿಗೆ ಬಂದವು. ಒಳಗೆ ಬಂದ ಮೇಲೆ ಮೊದಲು ಕ್ವಾರಂಟೈನ್, ಆಮೇಲೆ ದಿನಾ ಟೆಸ್ಟ್. ಕೈಗೆ ಡಿಸ್ನಿಯ ಬ್ಯಾಂಡು. ರೂಮಿನ ಬೀಗ ತೆಗೆಯೋದೂ ಅದೇ, ಟೆಸ್ಟ್ ಆಗಿದೆಯೋ ಇಲ್ಲವೋ ಅಂತ ಹೇಳೋದೂ ಅದೇ. ಯಾರಾದರೂ ನಿಯಮ ಮುರಿದರೆ ಹೆಸರು ಹೇಳದೆ ದೂರು ಕೊಡೋದಕ್ಕೆ ಒಂದು ಫೋನ್ ನಂಬರ್ ಬೇರೆ. ಲೂ ವಿಲಿಯಮ್ಸ್ ಅನ್ನೋ ಆಟಗಾರ ಅಂತ್ಯಕ್ರಿಯೆಗೆ ಅಂತ ಅನುಮತಿ ತಗೊಂಡು ಅಟ್ಲಾಂಟಾಗೆ ಹೋದವನು, ದಾರಿಯಲ್ಲಿ ಒಂದು ಕ್ಲಬ್ಬಿಗೆ ಕೋಳಿ ತಿನ್ನಲು ಹೋಗಿದ್ದು ಫೋಟೊ ಸಮೇತ ಸಿಕ್ಕಿಬಿತ್ತು. ವಾಪಸ್ ಬಂದ ಮೇಲೆ ಹತ್ತು ದಿನ ರೂಮಿನಲ್ಲೇ ಇರಬೇಕಾಯ್ತು.

ಪ್ರೇಕ್ಷಕರ ಜಾಗದಲ್ಲಿ 17 ಅಡಿ ಎತ್ತರದ ಪರದೆಗಳು. ಅದರಲ್ಲಿ ಮನೆಯಿಂದ ಸೇರಿದ 300ಕ್ಕೂ ಹೆಚ್ಚು ಅಭಿಮಾನಿಗಳ ಮುಖ. ಅದು ಯಾವ ತಂತ್ರಜ್ಞಾನ ಗೊತ್ತಾ? ನಾವೆಲ್ಲ ಬೆಳಗ್ಗೆ ಸ್ಟ್ಯಾಂಡಪ್‌ಗೆ ಲಾಗಿನ್ ಆಗ್ತಿದ್ದ ಅದೇ ಮೈಕ್ರೋಸಾಫ್ಟ್ ಟೀಮ್ಸ್. ಎಲ್ಲರನ್ನೂ ಒಂದೇ ಗ್ಯಾಲರಿಯಲ್ಲಿ ಕೂರಿಸಿದ ಹಾಗೆ ತೋರಿಸೋ ಅದರ ‘ಟುಗೆದರ್ ಮೋಡ್’.

ಕೆಲಸದ ಮಟ್ಟಿಗೆ ಹೇಳೋದಾದರೆ ಬಬಲ್ ಅದ್ಭುತವಾಗಿ ನಡೀತು. ಜುಲೈ 12ರಂದು ಬಬಲ್ ಹೊರಗೆ ಫ್ಲಾರಿಡಾ ರಾಜ್ಯದಲ್ಲಿ ಒಂದೇ ದಿನ 15 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣ. ಬಬಲ್ ಒಳಗೆ, ಕ್ವಾರಂಟೈನ್ ಮುಗಿಸಿದ ಆಟಗಾರರಲ್ಲಿ ಅಕ್ಟೋಬರ್ 11ರ ಕೊನೆಯ ಪಂದ್ಯದವರೆಗೂ ಒಂದೂ ಪಾಸಿಟಿವ್ ಬರಲಿಲ್ಲ. ವರದಿಗಳ ಪ್ರಕಾರ ಖರ್ಚು 15 ಕೋಟಿ ಡಾಲರ್‌ಗಿಂತ ಹೆಚ್ಚು, ಉಳಿಸಿಕೊಂಡ ಆದಾಯ 150 ಕೋಟಿಯ ಹತ್ತಿರ. ಊರ ಜನ ಒಂದು ಟೆಸ್ಟಿನ ಫಲಿತಾಂಶಕ್ಕೆ ದಿನಗಟ್ಟಲೆ ಕಾಯ್ತಿರುವಾಗ ಚೆಂಡು ಆಡೋರಿಗೆ ದಿನಾ ಟೆಸ್ಟಾ ಅನ್ನೋ ಪ್ರಶ್ನೆಯೂ ಇತ್ತು. ಅದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಮಾಮೂಲಿ ವರ್ಷದಲ್ಲಿ ಎನ್‌ಬಿಎ ಆಟಗಾರರು 28 ಊರುಗಳಲ್ಲಿ ಚದುರಿಹೋಗಿರ್ತಾರೆ. ಈ ಊರಲ್ಲಿ ಒಂದು ತಂಡ ಆಡಲ್ಲ ಅಂದ್ರೆ ಆ ಊರಿನ ಸುದ್ದಿ, ಅಷ್ಟೇ. ಬಬಲ್‌ನಲ್ಲಿ ಹಾಗಲ್ಲ. ಮುನ್ನೂರಕ್ಕೂ ಹೆಚ್ಚು ಆಟಗಾರರು ಒಂದೇ ಕ್ಯಾಂಪಸ್ಸಿನಲ್ಲಿ, ಒಂದೇ ಕೊಳದ ಸುತ್ತ ಓಡಾಡ್ತಾ, ಪಕ್ಕಪಕ್ಕದ ರೂಮುಗಳಲ್ಲಿ ಮಲಗ್ತಾ, ಏಳು ವಾರದಿಂದ ಹೆಂಡತಿ ಮಕ್ಕಳನ್ನು ನೋಡದೆ ಇದ್ದರು. ಲೀಗಿನ ಇಡೀ ‘ಪ್ರೊಡಕ್ಷನ್’ ಒಂದೇ ಡೇಟಾ ಸೆಂಟರ್‌ನಲ್ಲಿ ಓಡ್ತಿತ್ತು, ಬ್ಯಾಕಪ್ ಇಲ್ಲ. ಟಿವಿ ಬಿಟ್ಟರೆ ಬೇರೆ ಆದಾಯವಿಲ್ಲ. ನಮ್ಮಲ್ಲಿ ಯಾವ ಆರ್ಕಿಟೆಕ್ಟೂ ಇಂಥ ಡಿಸೈನಿಗೆ ಸಹಿ ಹಾಕಲ್ಲ. ವೈರಸ್‌ನ ಹೊರಗಿಡೋದಕ್ಕೆ ಕಟ್ಟಿದ ಗೋಡೆ ಕೆಲಸಗಾರರನ್ನು ಒಂದೇ ಕಡೆ ಒಟ್ಟುಗೂಡಿಸಿಬಿಟ್ಟಿತು.

ಜರ್ಸಿ ಮೇಲೆ ಏನು ಬರೀಬಹುದು

ಈ ನಡುವೆ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾಗಿತ್ತು. ಪೊಲೀಸ್ ಅಧಿಕಾರಿ 9 ನಿಮಿಷ 29 ಸೆಕೆಂಡ್ ಅವನ ಕುತ್ತಿಗೆ ಮೇಲೆ ಮಂಡಿ ಊರಿದ್ದ. ಹದಿನೇಳು ವರ್ಷದ ಹುಡುಗಿಯೊಬ್ಬಳು ಅದನ್ನು ಫೋನಿನಲ್ಲಿ ಚಿತ್ರೀಕರಿಸಿದಳು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದ ದೇಶ ಅದನ್ನು ನೋಡಿತು, ಬೀದಿಗೆ ಬಂತು. ಎನ್‌ಬಿಎಗೆ ಇದು ದೂರದ ಸುದ್ದಿಯಲ್ಲ. ಅಲ್ಲಿನ ಆಟಗಾರರಲ್ಲಿ ನಾಲ್ಕರಲ್ಲಿ ಮೂರು ಜನ ಕಪ್ಪು ವರ್ಣದವರು. ಮಾಜಿ ಆಟಗಾರ ಸ್ಟೀಫನ್ ಜಾಕ್ಸನ್‌ಗೆ ಫ್ಲಾಯ್ಡ್ ಹಳೇ ಸ್ನೇಹಿತ. ಇಬ್ಬರೂ ನೋಡೋದಕ್ಕೆ ಒಂದೇ ಥರ ಇದ್ದಿದ್ದರಿಂದ ಅವಳಿ ಅಂತಲೇ ಕರೀತಿದ್ದರು.

ಹಿಂದಿನ ಅನುಭವ ಬೇರೆಯೇ ಇತ್ತು. 2016ರಲ್ಲಿ ಅಮೆರಿಕನ್ ಫುಟ್ಬಾಲ್‌ನ ಕೊಲಿನ್ ಕೇಪರ್ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಒಂದು ಮಂಡಿ ಊರಿ ಕೂತ. ಆ ಋತು ಮುಗಿದ ಮೇಲೆ ಯಾವ ತಂಡವೂ ಅವನನ್ನು ತಗೊಳ್ಳಲಿಲ್ಲ. ಒಬ್ಬಂಟಿಯಾಗಿ ಪ್ರತಿಭಟಿಸಿದವನ ಕೆಲಸ ಹೋಯ್ತು. ನಾಲ್ಕು ವರ್ಷದ ಮೇಲೆ, 2020ರ ಜೂನ್ 5ರಂದು, ಅದೇ ಲೀಗಿನ ಕಮಿಷನರ್ ‘ಆಟಗಾರರ ಮಾತು ಮೊದಲೇ ಕೇಳದೆ ತಪ್ಪು ಮಾಡಿದೆವು’ ಅನ್ನೋ ಅರ್ಥದಲ್ಲಿ ವಿಡಿಯೊ ಹಾಕಿದರು. ಆ ವಿಡಿಯೊದಲ್ಲಿ ಕೇಪರ್ನಿಕ್ ಹೆಸರೇ ಇರಲಿಲ್ಲ.

ಎನ್‌ಬಿಎ ಆ ದಾರಿ ಹಿಡಿಯಲಿಲ್ಲ. ಬಬಲ್‌ನ ಅಂಗಳದ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಅಂತ ಬರೆಸಿತು. ರಾಷ್ಟ್ರಗೀತೆಗೆ ನಿಂತೇ ಇರಬೇಕು ಅನ್ನೋ ಹಳೇ ನಿಯಮ ಜಾರಿ ಮಾಡಲಿಲ್ಲ. ಜರ್ಸಿಯ ಹಿಂದೆ ಹೆಸರಿನ ಜಾಗದಲ್ಲಿ ಒಂದು ಸಂದೇಶ ಹಾಕ್ಕೊಳ್ಳಬಹುದು ಅಂತ ಅನುಮತಿ ಕೊಟ್ಟಿತು. ಆದರೆ ಬೇಕಾದ್ದನ್ನು ಬರೆಯೋ ಹಾಗಿಲ್ಲ. ಲೀಗೂ ಆಟಗಾರರ ಸಂಘವೂ ಕೂತು 29 ಮಾತುಗಳ ಪಟ್ಟಿ ಮಾಡಿದ್ದವು, ಅದರಲ್ಲಿ ಒಂದನ್ನ ಆರಿಸಿಕೊಳ್ಳಬೇಕು. ಡ್ರಾಪ್‌ಡೌನ್ ಮೆನುವಿನಲ್ಲಿ ಸಿಟ್ಟು ಆರಿಸಿಕೊಂಡ ಹಾಗೆ. ಲೆಬ್ರಾನ್ ಜೇಮ್ಸ್ ಆ ಪಟ್ಟಿ ತನ್ನ ಮನಸ್ಸಿಗೆ ಹೊಂದಲಿಲ್ಲ ಅಂತ ತನ್ನ ಹೆಸರನ್ನೇ ಇಟ್ಟುಕೊಂಡ.

ಈ ಎಲ್ಲದರ ಬಗ್ಗೆ ಮೊದಲೇ ಅನುಮಾನ ಪಟ್ಟವನು ಕೈರೀ ಅರ್ವಿಂಗ್. ಜೂನ್‌ನಲ್ಲಿ 80ಕ್ಕೂ ಹೆಚ್ಚು ಆಟಗಾರರು ಸೇರಿದ್ದ ಫೋನ್ ಕಾಲ್‌ನಲ್ಲಿ ಅವನ ವಾದ ಇದು: ಜನ ಬೀದಿಯಲ್ಲಿದ್ದಾರೆ, ನಾವು ಹೋಗಿ ಆಟ ಶುರು ಮಾಡಿದರೆ ಎಲ್ಲರ ಗಮನ ನಮ್ಮ ಕಡೆ ತಿರುಗುತ್ತೆ. ಇನ್ನೊಂದು ಕಡೆಯ ವಾದ: ಆಡಿದರೆ ದುಡ್ಡೂ ಬರುತ್ತೆ, ಮಾತಾಡೋದಕ್ಕೆ ಮೈಕೂ ಸಿಗುತ್ತೆ. ಆಗ ಎರಡನೇ ವಾದ ಗೆದ್ದಿತು. ಎರಡು ತಿಂಗಳ ನಂತರ ಏನಾಯ್ತು ಅಂತ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿತ್ತು ಅಂತ ನನಗನಿಸುತ್ತೆ.

ಬಹಿಷ್ಕಾರ ಅಲ್ಲ, ಮುಷ್ಕರ

ಆಗಸ್ಟ್ 23, ಭಾನುವಾರ. ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಅನ್ನೋ ಊರಲ್ಲಿ ಜೇಕಬ್ ಬ್ಲೇಕ್ ಅನ್ನೋ 29 ವರ್ಷದವನ ಮೇಲೆ ಪೊಲೀಸ್ ಅಧಿಕಾರಿ ಹಿಂದಿನಿಂದ ಏಳು ಗುಂಡು ಹಾರಿಸಿದ. ಬ್ಲೇಕ್‌ನ ಮಕ್ಕಳು ಕಾರಿನೊಳಗೆ ಕೂತಿದ್ದರು. ಅವನು ಬದುಕುಳಿದ, ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಮಂಗಳವಾರ ರಾತ್ರಿ, ಪ್ರತಿಭಟನೆಯ ನಡುವೆ ಬಂದೂಕು ಹಿಡಿದು ಬಂದ ಹದಿನೇಳು ವರ್ಷದ ಹುಡುಗನ ಗುಂಡಿಗೆ ಇಬ್ಬರು ಸತ್ತರು.

ಮಿಲ್ವಾಕೀಗೆ ಕೆನೋಶಾ ಅಂದ್ರೆ ಬೆಂಗಳೂರಿಗೆ ತುಮಕೂರು ಇದ್ದ ಹಾಗೆ. ಬಕ್ಸ್ ತಂಡಕ್ಕೆ ಅದು ಸ್ವಂತ ಊರಿನ ವಿಷಯ. ಅಷ್ಟೇ ಅಲ್ಲ. ಆ ತಂಡದ ಸ್ಟರ್ಲಿಂಗ್ ಬ್ರೌನ್‌ನನ್ನು 2018ರ ಜನವರಿಯಲ್ಲಿ ಮಿಲ್ವಾಕೀ ಪೊಲೀಸರೇ ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ನೆಲಕ್ಕೆ ಕೆಡವಿ ಟೇಸರ್‌ನಿಂದ ಶಾಕ್ ಕೊಟ್ಟಿದ್ದರು. ಅವನು ಮಾಡಿದ್ದು ಕಾರನ್ನು ಅಡ್ಡ ನಿಲ್ಲಿಸಿದ್ದು. ಅವನ ಮೊಕದ್ದಮೆ ಇನ್ನೂ ನಡೀತಿತ್ತು.

ಪಂದ್ಯಕ್ಕೆ ಎರಡು ದಿನ ಮುಂಚೆಯೇ ಜಾರ್ಜ್ ಹಿಲ್ ಅನ್ನೋ ಹಿರಿಯ ಆಟಗಾರ ಪತ್ರಕರ್ತರ ಮುಂದೆ, ನಾವು ಈ ಜಾಗಕ್ಕೆ ಬರಲೇಬಾರದಿತ್ತು ಅಂತ ಹೇಳಿದ್ದ. 26ರಂದು ಪಂದ್ಯಕ್ಕೆ ಸ್ವಲ್ಪ ಮುಂಚೆ ತಾನು ಆಡಲ್ಲ ಅಂದ. ಬ್ರೌನ್ ಜೊತೆಯಾದ. ಆಮೇಲೆ ತಂಡವೇ ಜೊತೆಯಾಯ್ತು. ಇದು ಮೊದಲೇ ಮಾಡಿದ ಯೋಜನೆ ಅಲ್ಲ. ಇಂಥದ್ದೊಂದು ಮಾಡೋಣವೇ ಅಂತ ಟೊರಾಂಟೊ ಮತ್ತು ಬಾಸ್ಟನ್ ತಂಡದವರು ತಮ್ಮ ಪಂದ್ಯದ ಬಗ್ಗೆ ಮಾತಾಡಿಕೊಳ್ತಿದ್ದರು. ಬಕ್ಸ್ ಯಾರಿಗೂ ಹೇಳದೆ ಮಾಡಿಬಿಟ್ಟಿತು.

ಪತ್ರಿಕೆಗಳು ಇದನ್ನ ‘ಬಾಯ್ಕಾಟ್’ ಅಂತ ಕರೆದವು. ಲೀಗ್ ‘ಪಂದ್ಯ ಮುಂದೂಡಲಾಗಿದೆ’ ಅಂತ ಪ್ರಕಟಣೆ ಕೊಟ್ಟಿತು. ಎರಡೂ ಸರಿಯಲ್ಲ. ಗಿರಾಕಿ ಅಂಗಡಿಗೆ ಹೋಗಲ್ಲ ಅಂದ್ರೆ ಅದು ಬಹಿಷ್ಕಾರ. ಕೆಲಸ ಮಾಡೋನು ಕೆಲಸ ಮಾಡಲ್ಲ ಅಂದ್ರೆ ಅದಕ್ಕೆ ನಮ್ಮ ಭಾಷೆಯಲ್ಲಿ ಮುಷ್ಕರ ಅಂತಲೇ ಹೆಸರು. ಪದದ ಜಗಳ ಅಂತ ಬಿಟ್ಟುಬಿಡಬೇಡಿ, ಇದರಲ್ಲಿ ವಿಷಯ ಇದೆ. ಎನ್‌ಬಿಎ ಆಟಗಾರರ ಕೆಲಸದ ನಿಯಮಗಳು ನಮ್ಮ ಆಫರ್ ಲೆಟರ್ ಥರ ಎಚ್‌ಆರ್ ಕಳಿಸೋ ಪಿಡಿಎಫ್ ಅಲ್ಲ. ಸಂಘವೂ ಮಾಲೀಕರೂ ಕೂತು ಚೌಕಾಸಿ ಮಾಡಿದ ಸಾಮೂಹಿಕ ಒಪ್ಪಂದ. ಆ ಒಪ್ಪಂದದ ಅವಧಿಯಲ್ಲಿ ಮುಷ್ಕರ ಮಾಡುವಂತಿಲ್ಲ ಅಂತ ಅದರಲ್ಲೇ ಒಂದು ಕಲಂ ಇದೆ. ಅಂದ್ರೆ ಬಕ್ಸ್ ಆಟಗಾರರು ಅವತ್ತು ಮಾಡಿದ್ದು ಒಪ್ಪಂದದ ಉಲ್ಲಂಘನೆ. ದಂಡ ಹಾಕಬಹುದಿತ್ತು, ಪಂದ್ಯ ಸೋತ ಹಾಗೆ ಅಂತ ಘೋಷಿಸಬಹುದಿತ್ತು. ಎರಡೂ ಆಗಲಿಲ್ಲ. ಎಲ್ಲರೂ ಒಂದೇ ಕ್ಯಾಂಪಸ್ಸಿನಲ್ಲಿರುವಾಗ, ಇಡೀ ದೇಶ ನೋಡ್ತಿರುವಾಗ ಯಾರಿಗೆ ಅಂತ ದಂಡ ಹಾಕ್ತೀರಿ?

ಬಾಗಿಲು ಮುಚ್ಚಿದ ರೂಮಿನಿಂದ ಅವರು ಗಂಟೆಗಟ್ಟಲೆ ಹೊರಬರಲಿಲ್ಲ. ಒಳಗಿನಿಂದಲೇ ವಿಸ್ಕಾನ್ಸಿನ್‌ನ ಅಟಾರ್ನಿ ಜನರಲ್ ಮತ್ತು ಲೆಫ್ಟಿನೆಂಟ್ ಗವರ್ನರ್‌ಗೆ ಫೋನ್ ಮಾಡಿದರು. ನಾವೇನು ಕೇಳಬೇಕು, ಯಾರನ್ನು ಕೇಳಬೇಕು ಅಂತ ವಿಚಾರಿಸಿದರು. ಆಮೇಲೆ ಹಿಲ್ ಮತ್ತು ಬ್ರೌನ್ ಹೊರಗೆ ಬಂದು ಓದಿದ ಹೇಳಿಕೆಯಲ್ಲಿ ಬೇಡಿಕೆ ಸ್ಪಷ್ಟವಾಗಿತ್ತು: ಆ ಅಧಿಕಾರಿಯನ್ನು ಹೊಣೆ ಮಾಡಿ, ತಿಂಗಳುಗಟ್ಟಲೆ ಕೂತೇ ಇರದ ರಾಜ್ಯ ಶಾಸಕಾಂಗ ಸಭೆ ಸೇರಿ ಪೊಲೀಸ್ ಸುಧಾರಣೆಯ ಕಾನೂನು ಮಾಡಲಿ. ಘೋಷಣೆಯಿಂದ ಕಾರ್ಯಸೂಚಿಗೆ ಬರೋದಕ್ಕೆ ಅವರಿಗೆ ಒಂದು ಸಂಜೆ ಸಾಕಾಯ್ತು. 29 ಮಾತುಗಳ ಪಟ್ಟಿಯಲ್ಲಿ ಇದು ಇರಲಿಲ್ಲ.

ಅವತ್ತು ರಾತ್ರಿ ಎಲ್ಲ ತಂಡಗಳ ಸಭೆ. ಲೇಕರ್ಸ್ ಮತ್ತು ಕ್ಲಿಪ್ಪರ್ಸ್ ಋತು ಇಲ್ಲಿಗೇ ಮುಗಿಸೋಣ ಅಂತ ಮತ ಹಾಕಿದರು ಅಂತ ವರದಿ. ಬಕ್ಸ್ ಮೇಲೂ ಸಿಟ್ಟಿತ್ತು: ನಮಗೊಂದು ಮಾತು ಹೇಳಬಾರದಿತ್ತಾ? ತಡರಾತ್ರಿ ಸಂಘದ ಅಧ್ಯಕ್ಷ ಕ್ರಿಸ್ ಪಾಲ್, ಲೆಬ್ರಾನ್ ಮತ್ತಿತರರು ಬರಾಕ್ ಒಬಾಮಾಗೆ ಫೋನ್ ಮಾಡಿದರು. ಆಟ ಬಿಟ್ಟು ಹೋದರೆ ಕೈಯಲ್ಲಿರೋ ಹಿಡಿತವೂ ಹೋಗುತ್ತೆ, ನಿರ್ದಿಷ್ಟವಾಗಿ ಏನು ಬೇಕು ಅಂತ ಕೇಳಿ ಅನ್ನೋದು ಅವರ ಸಲಹೆಯ ಸಾರ. ಮರುದಿನ ಮುಂದುವರಿಸೋ ತೀರ್ಮಾನವಾಯ್ತು. 29ಕ್ಕೆ ಆಟ ಮತ್ತೆ ಶುರು. ಮಾಲೀಕರ ಕಡೆಯಿಂದ ಮಾತಾಡಿದವರಲ್ಲಿ ಮೈಕಲ್ ಜೋರ್ಡನ್ ಇದ್ದರು. ಆಗ ಇಡೀ ಲೀಗಿನಲ್ಲಿ ಬಹುಪಾಲು ಒಡೆತನ ಇದ್ದ ಕಪ್ಪು ಮಾಲೀಕ ಅವರೊಬ್ಬರೇ.

ಮಾಲೀಕರ ಮಾತು ಬಂತಲ್ಲ, ಮುಂಬೈನಲ್ಲಿರೋರಿಗೆ ಒಂದು ಸಣ್ಣ ಮಾಹಿತಿ. ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದು ಮುಂಬೈನಲ್ಲಿ. ಟಿಬ್ಕೊ ಸಾಫ್ಟ್‌ವೇರ್ ಕಟ್ಟಿದವರು, ನಮ್ಮಲ್ಲಿ ಇಂಟಿಗ್ರೇಷನ್ ಕೆಲಸ ಮಾಡಿದವರಿಗೆ ಹೆಸರು ಗೊತ್ತಿರುತ್ತೆ. 2018ರ ಮಾರ್ಚ್‌ನಲ್ಲಿ ಆ ಊರಿನ ಪೊಲೀಸರು ಸ್ಟೀಫಾನ್ ಕ್ಲಾರ್ಕ್ ಅನ್ನೋ ಕಪ್ಪು ಯುವಕನನ್ನು ಕೊಂದಾಗ ಪ್ರತಿಭಟನಾಕಾರರು ಕ್ರೀಡಾಂಗಣದ ಬಾಗಿಲಿಗೇ ಅಡ್ಡ ನಿಂತರು. ಟಿಕೆಟ್ ತಗೊಂಡವರಲ್ಲಿ ಬಹಳ ಜನ ಒಳಗೆ ಬರಲಾಗದೆ ವಾಪಸ್ ಹೋದರು. ಪಂದ್ಯ ಮುಗಿದ ಮೇಲೆ ರಣದಿವೆ ಅಂಗಳದ ನಡುವೆ ನಿಂತು, ಪ್ರತಿಭಟಿಸೋ ಹಕ್ಕನ್ನು ಗೌರವಿಸ್ತೇವೆ ಅಂತ ಮಾತಾಡಿದರು. ಅಂದ್ರೆ 2020 ಆಕಾಶದಿಂದ ಉದುರಿದ್ದಲ್ಲ.

ಕೈಗೆ ಬಂದಿದ್ದು ಎಷ್ಟು

ವಿಸ್ಕಾನ್ಸಿನ್‌ನಲ್ಲಿ ಬಂದಿದ್ದು ಸೊನ್ನೆ. ಆಗಸ್ಟ್ 31ಕ್ಕೆ ಗವರ್ನರ್ ವಿಶೇಷ ಅಧಿವೇಶನ ಕರೆದರು. ವಿರೋಧ ಪಕ್ಷದ ಬಹುಮತ ಇದ್ದ ಸದನ ಒಂದು ನಿಮಿಷವೂ ನಡೀಲಿಲ್ಲ. ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಯಾವ ಆರೋಪವನ್ನೂ ಹೊರಿಸೋದಿಲ್ಲ ಅಂತ 2021ರ ಜನವರಿ 5ರಂದು ಜಿಲ್ಲಾ ಅಟಾರ್ನಿ ಪ್ರಕಟಿಸಿದರು.

ಲೀಗಿನಿಂದ ಸ್ವಲ್ಪ ಬಂತು. ತಂಡಗಳ ಒಡೆತನದ ಕ್ರೀಡಾಂಗಣಗಳನ್ನು ನವೆಂಬರ್ ಚುನಾವಣೆಗೆ ಮತಗಟ್ಟೆ ಮಾಡೋದು ಅಂತ ಒಪ್ಪಂದವಾಯ್ತು. ಕೇಳೋದಕ್ಕೆ ಚಿಕ್ಕದು. ಆದರೆ ಕೊರೊನಾ ಕಾಲದಲ್ಲಿ ಶಾಲೆಯ ಇಕ್ಕಟ್ಟಾದ ಕೋಣೆಯಲ್ಲಿ ಸಾಲು ನಿಲ್ಲೋದಕ್ಕೂ, 18 ಸಾವಿರ ಜನ ಹಿಡಿಸೋ ಖಾಲಿ ಒಳಾಂಗಣದಲ್ಲಿ ಅಂತರ ಬಿಟ್ಟು ನಿಲ್ಲೋದಕ್ಕೂ ವ್ಯತ್ಯಾಸ ಇದೆ. ಪಿಡುಗು ಖಾಲಿ ಮಾಡಿದ ಜಾಗವನ್ನೇ ಬೇಡಿಕೆಯಾಗಿ ಕೇಳಿದ್ದು ನನಗೆ ತುಂಬ ಜಾಣತನ ಅನ್ನಿಸಿತು.

ನಿಜವಾದ ಫಲಿತಾಂಶ ಸಿಕ್ಕಿದ್ದು ಹೆಚ್ಚು ಜನ ನೋಡದ ಮಹಿಳಾ ಲೀಗಿನಲ್ಲಿ. ಅವರ ಬಬಲ್ ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿತ್ತು. ಸಂಬಳ ಗಂಡಸರ ಲೀಗಿನ ಹತ್ತಿರಕ್ಕೂ ಬರಲ್ಲ. ಆ ಋತುವನ್ನು ಅವರು ಬ್ರಿಯೊನಾ ಟೇಲರ್ ಹೆಸರಿಗೆ ಅರ್ಪಿಸಿದ್ದರು. ಮಾರ್ಚ್ 13ರಂದು, ಅಂದ್ರೆ ಎನ್‌ಬಿಎ ನಿಂತ ಎರಡು ದಿನಕ್ಕೆ, ತನ್ನ ಮನೆಯೊಳಗೇ ಪೊಲೀಸರ ಗುಂಡಿಗೆ ಸತ್ತ 26 ವರ್ಷದ ಹೆಣ್ಣುಮಗಳು ಅವಳು. ಮೊದಲ ಪಂದ್ಯದಲ್ಲಿ 26 ಸೆಕೆಂಡ್ ಮೌನ ಆಚರಿಸಿದರು.

ಅಟ್ಲಾಂಟಾ ಡ್ರೀಮ್ ತಂಡದ ಸಹಮಾಲೀಕಿ ಕೆಲಿ ಲೆಫ್ಲರ್ ಜಾರ್ಜಿಯಾ ರಾಜ್ಯದ ಸೆನೆಟರ್ ಕೂಡ ಆಗಿದ್ದರು. ಲೀಗ್ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಬೆಂಬಲಿಸಬಾರದು ಅಂತ ಕಮಿಷನರ್‌ಗೆ ಪತ್ರ ಬರೆದರು. ಆಟಗಾರ್ತಿಯರು ಬೈದಾಡಲಿಲ್ಲ. ಅವರ ಹೆಸರು ಎತ್ತೋದನ್ನೇ ನಿಲ್ಲಿಸಿದರು. ಹೆಸರು ಹೇಳಿದಷ್ಟೂ ಪ್ರಚಾರ ಸಿಗೋದು ಅವರಿಗೇ ಅಂತ ಲೆಕ್ಕ ಹಾಕಿ, ಎದುರಾಳಿಯನ್ನು ಹುಡುಕಿದರು: ಅಷ್ಟೇನೂ ಪ್ರಸಿದ್ಧರಲ್ಲದ ಪಾದ್ರಿ ರಾಫೆಲ್ ವಾರ್ನಾಕ್. ವಿಡಿಯೊ ಕಾಲ್ ಮಾಡಿ ಅವರನ್ನ ಒಂದು ಇಂಟರ್‌ವ್ಯೂ ಮಾಡಿ, ಒಪ್ಪಿಗೆಯಾದ ಮೇಲೆ ಆಗಸ್ಟ್ 4ರಂದು ‘ವೋಟ್ ವಾರ್ನಾಕ್’ ಅಂತ ಬರೆದ ಟಿ-ಶರ್ಟ್ ಹಾಕ್ಕೊಂಡು ಅಂಗಳಕ್ಕೆ ಬಂದರು. ತಮ್ಮ ಮಾಲೀಕಿಯ ವಿರುದ್ಧ, ಅವರದೇ ತಂಡದ ಪಂದ್ಯದಲ್ಲಿ, ರಾಷ್ಟ್ರೀಯ ಟಿವಿಯಲ್ಲಿ. ವಾರ್ನಾಕ್ ಗೆದ್ದರು. ಚುನಾವಣೆ ನಡೆದ ದಿನ 2021ರ ಜನವರಿ 5, ಕೆನೋಶಾದಲ್ಲಿ ಆರೋಪ ಇಲ್ಲ ಅಂತ ಪ್ರಕಟವಾದ ಅದೇ ದಿನ. ಗೆಲುವಿಗೆ ಟಿ-ಶರ್ಟ್ ಒಂದೇ ಕಾರಣ ಅಂತ ಯಾರೂ ಹೇಳಲ್ಲ, ಜಾರ್ಜಿಯಾದಲ್ಲಿ ವರ್ಷಗಟ್ಟಲೆ ಮತದಾರರ ನೋಂದಣಿ ಮಾಡಿದವರಿದ್ದರು. ಫೆಬ್ರವರಿಯಲ್ಲಿ ತಂಡ ಮಾರಾಟವಾಯ್ತು. ಕೊಂಡವರಲ್ಲಿ ಒಬ್ಬಳು ರೆನೆ ಮಾಂಟ್ಗಮರಿ, ಅದೇ ತಂಡದ ಆಟಗಾರ್ತಿ, ಸಾಮಾಜಿಕ ನ್ಯಾಯದ ಕೆಲಸಕ್ಕೆ ಅಂತ 2020ರ ಋತುವನ್ನೇ ಬಿಟ್ಟಿದ್ದವಳು.

ಟಿವಿ ವೀಕ್ಷಣೆಯ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನ ಹಿಡ್ಕೊಂಡು ವಾದ ಮಾಡೋರು ಇವತ್ತಿಗೂ ಸಿಗ್ತಾರೆ. 2019ರ ಫೈನಲ್ಸ್‌ಗೆ ಅಮೆರಿಕದಲ್ಲಿ ಸರಾಸರಿ ಒಂದೂವರೆ ಕೋಟಿ ವೀಕ್ಷಕರು, 2020ರಲ್ಲಿ ಸುಮಾರು 75 ಲಕ್ಷ. ಅರ್ಧಕ್ಕರ್ಧ. ರಾಜಕೀಯ ಬೆರೆಸಿದ್ದಕ್ಕೇ ಜನ ಬಿಟ್ಟುಹೋದರು ಅಂತ ಟ್ರಂಪ್ ಸೇರಿ ಅನೇಕರು ಹೇಳಿದರು. ಆದರೆ ಪ್ರತಿಭಟನೆ ಅಷ್ಟಾಗಿ ಕಾಣದ ಐಸ್ ಹಾಕಿಯ ಫೈನಲ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕುದುರೆ ರೇಸೂ ಇಳಿಯಿತು, ಗಾಲ್ಫೂ ಇಳಿಯಿತು. ಜೂನ್‌ನಲ್ಲಿ ನಡೀಬೇಕಾದ ಫೈನಲ್ಸ್ ಅಕ್ಟೋಬರ್‌ಗೆ ಬಂದು ಫುಟ್ಬಾಲ್‌ಗೆ ಎದುರಾಗಿತ್ತು, ತಿಂಗಳೊಪ್ಪತ್ತಿನಲ್ಲಿ ಅಧ್ಯಕ್ಷೀಯ ಚುನಾವಣೆ. ಹತ್ತು ವೇರಿಯಬಲ್ ಒಟ್ಟಿಗೆ ಬದಲಾದಾಗ ಒಂದನ್ನೇ ಆರಿಸಿ ಬಗ್ ಇಲ್ಲೇ ಇದೆ ಅನ್ನೋನಿಗೆ ನಾವು ಕೋಡ್ ರಿವ್ಯೂನಲ್ಲಿ ಏನಂತೀವಿ? ಅಷ್ಟೇ.

ಇನ್ನೊಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಫೈನಲ್ಸ್ ಶುರುವಾಗಿದ್ದು ಸೆಪ್ಟೆಂಬರ್ 30ರಂದು. ಹಿಂದಿನ ದಿನ ಬಬಲ್‌ನ ಆತಿಥೇಯ ಡಿಸ್ನಿ ತನ್ನ ಪಾರ್ಕ್ ವಿಭಾಗದ 28 ಸಾವಿರ ನೌಕರರನ್ನು ತೆಗೆಯೋದಾಗಿ ಘೋಷಿಸಿತು. ಜರ್ಸಿಗಳ ಮೇಲೆ ಅವರ ಬಗ್ಗೆ ಯಾವ ಪದವೂ ಇರಲಿಲ್ಲ.

ಇನ್ನು ಕ್ರಿಕೆಟ್

ಕ್ರಿಕೆಟ್ ಕೂಡ ಬಬಲ್‌ನಲ್ಲೇ ಮತ್ತೆ ಶುರುವಾಗಿದ್ದು. 2020ರ ಜುಲೈ 8, ಸೌತಾಂಪ್ಟನ್, ಇಂಗ್ಲೆಂಡ್ ವಿರುದ್ಧ ವೆಸ್ಟ್ ಇಂಡೀಸ್. ಸಂಬಳ ಅರ್ಧಕ್ಕೆ ಇಳಿದಿದ್ದ ವೆಸ್ಟ್ ಇಂಡೀಸ್ ಆಟಗಾರರು, ಕೊರೊನಾ ತುಂಬಿದ್ದ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಮಂಡಳಿಯ ಟಿವಿ ಹಣ ಉಳಿಸಿಕೊಟ್ಟರು. ಮೂವರು ಬರಲ್ಲ ಅಂದಿದ್ದರು. ಮಳೆಯಿಂದ ಆಟ ತಡವಾದ ಹೊತ್ತಿನಲ್ಲಿ ಮೈಕಲ್ ಹೋಲ್ಡಿಂಗ್ ವರ್ಣಭೇದದ ಬಗ್ಗೆ, ಶಾಲೆಯ ಇತಿಹಾಸದ ಪಾಠದ ಬಗ್ಗೆ ಆಡಿದ ಮಾತು ನಿಮ್ಮಲ್ಲಿ ಬಹಳ ಜನ ಕೇಳಿರ್ತೀರಿ.

ಅದಕ್ಕೂ ಒಂದು ತಿಂಗಳ ಮುಂಚೆ ಡ್ಯಾರೆನ್ ಸ್ಯಾಮಿ ಹೈದರಾಬಾದಿನವರು ಮುಜುಗರ ಪಡುವಂಥ ಒಂದು ವಿಷಯ ಎತ್ತಿದ್ದರು. ಸನ್‌ರೈಸರ್ಸ್‌ನಲ್ಲಿ ಆಡುವಾಗ ಜೊತೆಯವರು ತನ್ನನ್ನು ‘ಕಾಲೂ’ ಅಂತ ಕರೀತಿದ್ದರು, ಬಲಿಷ್ಠ ಅಂತ ಅರ್ಥ ಅಂದುಕೊಂಡಿದ್ದೆ, ಈಗ ಅರ್ಥ ಗೊತ್ತಾಯ್ತು ಅಂದರು. ಕನ್ನಡದಲ್ಲಾದರೆ ಅದು ಬರೀ ಕಾಲು. ಹಿಂದಿಯಲ್ಲಿ ಏನು ಅಂತ ಹೇಳಬೇಕಿಲ್ಲ. ಆಮೇಲೆ ಜೊತೆಗಾರರೊಬ್ಬರು ಮಾತಾಡಿ, ಅದು ಪ್ರೀತಿಯಿಂದ ಕರೆದಿದ್ದು ಅಂತ ಹೇಳಿದರು ಎಂದು ಸ್ಯಾಮಿಯೇ ತಿಳಿಸಿದರು. ನಮ್ಮ ಕರ್ನಾಟಕದ ವೇಗಿ ದೊಡ್ಡ ಗಣೇಶ್ ಕೂಡ, ಚೆನ್ನೈನ ಅಭಿನವ್ ಮುಕುಂದ್ ಮೈಬಣ್ಣದ ಬಗ್ಗೆ ಹಿಂದೆ ಬರೆದಿದ್ದನ್ನು ನೆನೆದು, ಆಡುವ ದಿನಗಳಲ್ಲಿ ತಾನೂ ಅಂಥ ಮಾತು ಕೇಳಿದ್ದೆ ಅಂತ ಬರೆದರು. ಅದಕ್ಕೆ ಒಬ್ಬ ಭಾರತೀಯ ದಿಗ್ಗಜ ಸಾಕ್ಷಿ ಅಂದರು, ಹೆಸರು ಹೇಳಲಿಲ್ಲ.

ಆ ಸೆಪ್ಟೆಂಬರ್‌ನಲ್ಲಿ ಐಪಿಎಲ್ ಯುಎಇ ಬಬಲ್‌ಗೆ ಹೋಯ್ತು. ಸ್ಥಿತಿ ಆರ್ಲ್ಯಾಂಡೊ ಥರದ್ದೇ: ಎಲ್ಲ ಆಟಗಾರರು ಹೋಟೆಲುಗಳಲ್ಲಿ, ಪ್ರೇಕ್ಷಕರಿಲ್ಲ, ಟಿವಿ ಒಂದೇ ಆದಾಯ. ಆದರೂ ಅಲ್ಲಿ ಏನೂ ಆಗಲಿಲ್ಲ. ಹಾರ್ದಿಕ್ ಪಾಂಡ್ಯ ಒಂದು ಅರ್ಧಶತಕದ ನಂತರ ಮಂಡಿ ಊರಿದ, ಅದೊಂದೇ. ವೆಸ್ಟ್ ಇಂಡೀಸ್ ನಾಯಕ ಜೇಸನ್ ಹೋಲ್ಡರ್ ಆಗ ಹೇಳಿದ್ದು, ಇಲ್ಲಿ ಈ ವಿಷಯದ ಬಗ್ಗೆ ಒಂದು ಮಾತುಕತೆಯೂ ಆಗಿಲ್ಲ ಅಂತ.

ಯಾಕೆ? ಭಾರತೀಯರಿಗೆ ಕಾಳಜಿ ಇಲ್ಲ ಅನ್ನೋ ಸುಲಭದ ಉತ್ತರ ನನಗೆ ಸಾಲದು. ಎಲ್ಲರನ್ನೂ ಒಂದು ಕಡೆ ಸೇರಿಸಿದರೆ ಬಲ ಹುಟ್ಟಬಹುದು. ಅದನ್ನ ಬಳಸೋದಕ್ಕೆ ಸಂಘ ಬೇಕು. ಎನ್‌ಬಿಎ ಆಟಗಾರರಿಗೆ ಅರ್ಧ ಶತಮಾನಕ್ಕೂ ಹಳೆಯ ಸಂಘ ಇದೆ. 1964ರಲ್ಲೇ ಪಿಂಚಣಿ ಒಪ್ಪೋವರೆಗೆ ಆಲ್‌ಸ್ಟಾರ್ ಪಂದ್ಯಕ್ಕೆ ಇಳಿಯಲ್ಲ ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಕೂತವರ ಪರಂಪರೆ ಅದು. ಭಾರತದಲ್ಲಿ 2019ರಲ್ಲಿ ಬಂದ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ. ಈಗ ಆಡ್ತಿರೋರಿಗೆ ಸಂಘವೇ ಇಲ್ಲ. ಪ್ರತಿಯೊಬ್ಬನೂ ಹರಾಜಿನಲ್ಲಿ ಒಬ್ಬಂಟಿ, ಕರಾರಿನಲ್ಲಿ ಒಬ್ಬಂಟಿ. ನಮ್ಮ ಹಾಗೇ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ತಂಡ ಮಂಡಿ ಊರಿತಲ್ಲ, ಮ್ಯಾನೇಜ್‌ಮೆಂಟ್ ಹೇಳಿದ್ದರಿಂದ ಮಾಡಿದೆವು ಅಂತ ನಾಯಕ ಕೊಹ್ಲಿಯೇ ಪ್ರಾಮಾಣಿಕವಾಗಿ ಹೇಳಿದರು.

2021ರ ಐಪಿಎಲ್ ಏಪ್ರಿಲ್ 9ರಂದು ಚೆನ್ನೈನಲ್ಲಿ ಆರ್‌ಸಿಬಿ ಪಂದ್ಯದಿಂದಲೇ ಶುರುವಾಯ್ತು. ಈ ಸಲ ಒಂದೇ ಕ್ಯಾಂಪಸ್ ಅಲ್ಲ. ಚೆನ್ನೈ, ಮುಂಬೈ, ಆಮೇಲೆ ಅಹಮದಾಬಾದ್, ದೆಹಲಿ ಅಂತ ಬಬಲ್ ವಿಮಾನದಲ್ಲಿ ಓಡಾಡಿತು. ದೆಹಲಿಯಲ್ಲಿ ಆಕ್ಸಿಜನ್ ಸಿಗದ ದಿನಗಳು ಅವು, ನೆನಪಿದೆಯಲ್ಲ? ಮನೆಯವರು ಕೊರೊನಾ ಜೊತೆ ಹೋರಾಡ್ತಿದ್ದಾರೆ ಅಂತ ಅಶ್ವಿನ್ ಚೆನ್ನೈಗೆ ಹೊರಟರು. ಆರ್‌ಸಿಬಿಯ ಆಡಮ್ ಝಂಪಾ, ಕೇನ್ ರಿಚರ್ಡ್‌ಸನ್ ಆಸ್ಟ್ರೇಲಿಯಾಕ್ಕೆ ಹೊರಟರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಊರಲ್ಲಿ ಕ್ರಿಕೆಟ್‌ಗೆ ಇಷ್ಟು ಖರ್ಚು ಹೇಗೆ ಅಂತ ಆಂಡ್ರ್ಯೂ ಟೈ ಕೇಳಿದರು, ಅವರೂ ಹೊರಟರು. ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ, ತಮ್ಮ ತಮ್ಮ ಕಾರಣ ಹೇಳಿ. ಮೇ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಎದುರು ಆಡಬೇಕಿದ್ದ ಕೋಲ್ಕತ್ತಾ ತಂಡದ ಇಬ್ಬರಿಗೆ ಪಾಸಿಟಿವ್ ಬಂತು. ಮರುದಿನ ಟೂರ್ನಿ ನಿಂತಿತು. ಸೆಪ್ಟೆಂಬರ್‌ನಲ್ಲಿ ದುಬೈನಿಂದ ಮತ್ತೆ ಶುರುವಾಯ್ತು.

ಬಕ್ಸ್ 2021ರ ಜುಲೈನಲ್ಲಿ 50 ವರ್ಷದ ನಂತರ ಚಾಂಪಿಯನ್ ಆಯಿತು. ಜಾರ್ಜ್ ಹಿಲ್ ಅಷ್ಟೊತ್ತಿಗೆ ಬೇರೆ ತಂಡಕ್ಕೆ ವರ್ಗವಾಗಿದ್ದ, ಸ್ಟರ್ಲಿಂಗ್ ಬ್ರೌನ್ ಹ್ಯೂಸ್ಟನ್‌ಗೆ ಹೋಗಿದ್ದ. ಬ್ರೌನ್‌ನ ಮೊಕದ್ದಮೆಯನ್ನು ಮಿಲ್ವಾಕೀ ನಗರಾಡಳಿತ ಏಳೂವರೆ ಲಕ್ಷ ಡಾಲರ್ ಪರಿಹಾರಕ್ಕೆ ರಾಜಿ ಮಾಡಿಕೊಂಡಿತು.